ನೆಲ ಕಚ್ಚಿದ ಎರಡನೇ ಭಾಗ

ಬಾವಲಿಯ ಬೆನ್ನನ್ನು ಊರಿಗೆ ಊರೇ ನೋಡಿದೆ. ಮುಖ ನೋಡಿದವರು ಕಡಿಮೆ. ಅವನ ಕಸುಬೇ ಅಂಥದ್ದು. ಸಿನಿಮಾದಲ್ಲಿ ಹೀರೋ ಮಹಡಿಯಿಂದ ಜಿಗಿಯಬೇಕಾದಾಗ, ಖಳನಾಯಕ ಮೆಟ್ಟಿಲ ಮೇಲಿಂದ ಉರುಳಬೇಕಾದಾಗ, ಅವರ ಬಟ್ಟೆ ತೊಟ್ಟು, ಅವರದೇ ತರಹದ ಕೂದಲು ಅಂಟಿಸಿಕೊಂಡು, ಅವರ ಪಾಲಿನ ಪೆಟ್ಟು ತಿನ್ನುವ ಡ್ಯೂಪ್ ಅವನು. ಜಿಗಿಯುವವನು ಇವನು, ಚಪ್ಪಾಳೆ ಅವರಿಗೆ. ಇದರ ಬಗ್ಗೆ ಅವನಿಗೆ ಹೊಟ್ಟೆಯುರಿ ಇರಲಿಲ್ಲ. "ಮುಖ ಅವರದೇ ಇರ್ಲಿ ಬಿಡಿ, ಅದಕ್ಕೆ ದಿನಾ ಪೌಡರ್ ಹಚ್ಬೇಕು. ಬೆನ್ನಿಗೆ ಏನೂ ಹಚ್ಚೋದು ಬೇಡ," ಎನ್ನುತ್ತಿದ್ದ. ಶುದ್ಧ ಸುಳ್ಳು. ಅವನ ಬೆನ್ನಿಗೆ ಹೆಂಡತಿ ದಿನಾ ಸಂಜೆ ನೋವಿನ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

ಬಾವಲಿ ಎಂಬ ಹೆಸರು ಹುಟ್ಟಿನಿಂದ ಬಂದದ್ದಲ್ಲ. ಅದು 'ರಕ್ತದ ತಿಜೋರಿ' ಎಂಬ ಸಿನಿಮಾ ಕೊಟ್ಟದ್ದು. ಒಂದು ಬ್ಯಾಂಕಿನ ನೆಲಮಾಳಿಗೆಯಲ್ಲಿ ಯಾವುದೋ ಹಳೆಯ ರಾಜಮನೆತನದ ರಕ್ತವನ್ನು ಸೀಸೆಗಳಲ್ಲಿ ಬಚ್ಚಿಟ್ಟಿರುತ್ತಾರೆ. ಅದನ್ನು ಕದಿಯಲು ಒಂದು ರಕ್ತಪಿಶಾಚಿಗಳ ತಂಡ ಕನ್ನ ಹಾಕುತ್ತದೆ. ಕಥೆ ಇಷ್ಟೇ. ದೆವ್ವದ ಸಿನಿಮಾ ಬೇಕಾದವರಿಗೆ ದೆವ್ವ, ಕಳ್ಳರ ಸಿನಿಮಾ ಬೇಕಾದವರಿಗೆ ಕಳ್ಳರು, ಹೊಡೆದಾಟ ಬೇಕಾದವರಿಗೆ ಹೊಟ್ಟೆ ತುಂಬ ಹೊಡೆದಾಟ. ಕದ್ದಾದ ಮೇಲೆ ಪಿಶಾಚಿಗಳ ನಾಯಕ ಗಡಿಯಾರದ ಗೋಪುರದ ತುದಿಯಲ್ಲಿ ನಿಂತು, ಕರಿಯ ನಿಲುವಂಗಿಯನ್ನು ರೆಕ್ಕೆಯ ಹಾಗೆ ಬಿಚ್ಚಿ, ಕೆಳಗಿನ ಪೊಲೀಸರ ತಲೆಯ ಮೇಲೆ ತೇಲಿ ಹೋಗುತ್ತಾನೆ. ಆ ತೇಲಿದವನು ಇವನು. ಸಿನಿಮಾ ಎಷ್ಟು ಓಡಿತೆಂದರೆ, ಬೀದಿಯ ಮಕ್ಕಳೆಲ್ಲ ಅಮ್ಮಂದಿರ ಕಪ್ಪು ಬಟ್ಟೆ ಹೆಗಲಿಗೆ ಕಟ್ಟಿಕೊಂಡು ಕಾಂಪೌಂಡ್ ಗೋಡೆಯಿಂದ ಹಾರಿ ಮಂಡಿ ತರಚಿಕೊಂಡವು. ಅಂದಿನಿಂದ ಕಸುಬಿನವರಿಗೂ, ಮನೆಯ ಮಾಲೀಕನಿಗೂ, ಮೂಲೆಯಂಗಡಿಯವನಿಗೂ ಅವನು ಬಾವಲಿಯಾದ.

ಈ ಡ್ಯೂಪ್‌ಗಳಲ್ಲಿ, ಅಂದರೆ ತಮ್ಮನ್ನು ತಾವು ಫೈಟರ್ ಎಂದು ಕರೆದುಕೊಳ್ಳುವವರಲ್ಲಿ, ಹಿಂದಿನಿಂದ ಬಂದ ಒಂದು ಕಟ್ಟುಪಾಡು ಇದೆ. ಒಬ್ಬ ಫೈಟರ್ ಒಂದು ದೊಡ್ಡ ಹಾರಾಟ ಹಾರಿದನೆಂದರೆ, ಆ ಸಿನಿಮಾದ ಎಷ್ಟು ಭಾಗ ಬಂದರೂ ಆ ಹಾರಾಟ ಅವನದೇ. ಅವನಿಂದ ಆಗದಿದ್ದರೆ ಅವನ ಮನೆಯ ಇನ್ನೊಬ್ಬ ಫೈಟರ್‌ನದು. ಹೊರಗಿನವರು ಅದನ್ನು ಮುಟ್ಟುವ ಹಾಗಿಲ್ಲ. ಮನೆಯವನು ಒಲ್ಲೆ ಎನ್ನುವ ಹಾಗೂ ಇಲ್ಲ. ಒಲ್ಲೆ ಎಂದ ಮನೆಯನ್ನು ಆಮೇಲೆ ಹೊಡೆದಾಟ ಹೇಳಿಕೊಡುವ ಯಾವ ಫೈಟ್ ಮಾಸ್ಟರೂ ಕರೆಯುವುದಿಲ್ಲ. ಕಾಲು ಮುರಿದುಕೊಂಡು ಮಲಗಿದವನ ಮನೆಯ ಒಲೆ ಆರಬಾರದು ಎಂದು ಯಾರೋ ಪುಣ್ಯಾತ್ಮರು ಮಾಡಿದ ಕಟ್ಟುಪಾಡು ಇದು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಒಳ್ಳೆಯ ಮನಸ್ಸಿನಿಂದ ಮಾಡಿದ ಕಟ್ಟುಪಾಡೇ ಎಷ್ಟೋ ಸಲ ಕುತ್ತಿಗೆಗೆ ಬರುತ್ತದೆ.

ಬಾವಲಿಯ ಮನೆಯ ಇನ್ನೊಬ್ಬ ಫೈಟರ್ ಎಂದರೆ ಅವನ ಬಾಮೈದ. ಹೆಂಡತಿಯ ಒಬ್ಬನೇ ತಮ್ಮ. ತಾಯಿ ಇಲ್ಲದ ಆ ಹುಡುಗನನ್ನು ಅಕ್ಕನೇ ಎತ್ತಿ ಆಡಿಸಿ, ಬೈದು ಬಡಿದು ದೊಡ್ಡವನನ್ನಾಗಿ ಮಾಡಿದ್ದಳು. ಈಗ ಅವನಿಗೂ ಮೀಸೆ ಬಲಿತು, ಮದುವೆಯಾಗಿ, ಪಕ್ಕದ ಬೀದಿಯಲ್ಲಿ ಸಂಸಾರ ಹೂಡಿದ್ದ. ಕಸುಬಿನಲ್ಲಿ ಅವನ ಹೆಸರು ಸ್ಪ್ರಿಂಗು. ನಿಂತಲ್ಲಿ ನಿಲ್ಲುವ ಪೈಕಿಯೇ ಅಲ್ಲ. ಹಾರು ಎಂದರೆ ಹಾರಿದ ಮೇಲೆ 'ಎಲ್ಲಿಗೆ' ಎಂದು ಕೇಳುವವನು. ಸೊಂಟಕ್ಕೆ ಕಟ್ಟಿದ ಹಗ್ಗದ ಗಂಟನ್ನು ತಾನೇ ಒಮ್ಮೆ ಎಳೆದು ನೋಡಬೇಕು ಎಂದು ಬಾವಲಿ ಎಷ್ಟು ಬೈದರೂ ಅವನ ಕಿವಿಗೆ ಹೋಗುತ್ತಿರಲಿಲ್ಲ. ಸಿಕ್ಕಾಗಲೆಲ್ಲ ಅವನದು ಒಂದೇ ರಾಗ:

"ಭಾವ, ಗೋಪುರದ ಹಾರಾಟ ನಂಗೆ ಯಾವಾಗ ಕೊಡ್ತೀರಿ? ನಿಮಗೆ ವಯಸ್ಸಾಯ್ತು."

"ವಯಸ್ಸು ನಿಮ್ಮಪ್ಪನಿಗಾಯ್ತು. ಹೋಗಿ ಕೆಲಸ ನೋಡ್ಕೊ."

ಹೀಗೆ ತಮಾಷೆಯಲ್ಲಿ ದಿನ ಹೋಗುತ್ತಿತ್ತು. ಅಷ್ಟರಲ್ಲಿ ಎರಡನೇ ಭಾಗ ಬಂತು.

ಎರಡನೇ ಭಾಗಕ್ಕೆ ಮುಚ್ಚಿಹೋದ ಒಂದು ಕಾರ್ಖಾನೆಯ ಚಿಮಣಿಯ ಮೇಲಿಂದ ಹಾರಬೇಕಿತ್ತು. ಗೋಪುರಕ್ಕಿಂತ ಎತ್ತರ, ಆದರೆ ಬಾವಲಿಗೆ ಅದೇನೂ ಹೊಸದಲ್ಲ. ಅದೇ ಹಗ್ಗ, ಅದೇ ಫೈಟ್ ಮಾಸ್ಟರ್, ಕೆಳಗೆ ಅದೇ ಹಳೆಯ ಹಾಸಿಗೆಗಳು, ಅವುಗಳ ಕೆಳಗೆ ರಟ್ಟಿನ ಡಬ್ಬಗಳು. ಬೆಳಿಗ್ಗೆ ಚಹಾ ಕುಡಿದಿದ್ದ, ಮಗಳಿಗೆ ಜಡೆ ಹಾಕಿಕೊಟ್ಟಿದ್ದ, ಯಾವ ಕೆಟ್ಟ ಕನಸೂ ಬಿದ್ದಿರಲಿಲ್ಲ. ಕಬ್ಬಿಣದ ಏಣಿ ಹತ್ತಿ ತುದಿಯಲ್ಲಿ ನಿಂತ. ಕೆಳಗೆ ನೋಡಿದ. ತನ್ನ ಕಾಲ್ಬೆರಳುಗಳು ಕಂಡವು. ಅವು ಯಾರವೋ ಅನ್ನಿಸಿತು.

ಹೆದರಿಕೆ ಬರಲು ಕಾರಣ ಬೇಕು ಎಂದು ನಾವು ತಿಳಿದಿರುತ್ತೇವೆ. ಬೇಕಾಗಿಲ್ಲ. ಅಷ್ಟು ವರ್ಷ ಬಾರದೆ ಇದ್ದದ್ದು ಅವತ್ತು ಬಂತು. ಕೆಳಗಿನಿಂದ ಮೈಕಿನಲ್ಲಿ ಮಾಸ್ಟರ್, "ಬಾವಲೀ, ರೆಡೀನಾ?" ಎಂದು ಕೇಳಿದಾಗ, ಇಲ್ಲ ಮಾಸ್ಟ್ರೇ, ಇವತ್ತು ಬೇಡ, ಎನ್ನಲು ಬಾಯಿ ತೆರೆದ. ಗಂಟಲ ಪಸೆ ಆರಿ ಮಾತು ಹೊರಡಲಿಲ್ಲ. ಮಾಸ್ಟರ್ ಅದನ್ನು ಒಪ್ಪಿಗೆ ಎಂದುಕೊಂಡರು. ಕ್ಯಾಮೆರಾ ಶುರುವಾಯಿತು. ಬಾವಲಿಯ ಮಂಡಿ ಮಡಚಿಕೊಂಡವು, ಮತ್ತು ಅವನು ಚಿಮಣಿಯ ಅಂಚಿನಿಂದ ಮೂಟೆಯ ಹಾಗೆ ಬಿದ್ದ.

ಹಾರಿದ್ದಲ್ಲ, ಬಿದ್ದದ್ದು. ಬೀಳುವಾಗ ಬಲಗೈ ಬೆನ್ನ ಹಿಂದಿನ ಹಗ್ಗವನ್ನು ತಡಕಾಡಿತು. ಫೈಟರ್ ಆದವನು ಎಂದೂ ಮಾಡಬಾರದ್ದು ಅದು. ಹಗ್ಗ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ, ಕೈ ರೆಕ್ಕೆಯ ಹಾಗೆ ಹರಡಿರಬೇಕು. ಪುಣ್ಯಕ್ಕೆ ಹಗ್ಗ ಹಿಡಿಯಿತು, ಹಾಸಿಗೆ ತಡೆಯಿತು. ಕಣ್ಣು ಬಿಟ್ಟಾಗ ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ನಿರ್ದೇಶಕ ಓಡಿ ಬಂದು ತಬ್ಬಿಕೊಂಡ.

"ಏನು ಸಹಜ ಮಾರಾಯಾ! ನಿಜವಾಗ್ಲೂ ಬಿದ್ದಂಗೇ ಇತ್ತು!"

ಬಾವಲಿ ಹಲ್ಲು ಕಿರಿದ. ಬೇರೆ ಏನು ಮಾಡಲು ಸಾಧ್ಯವಿತ್ತು?

ನಿರ್ದೇಶಕನ ಉತ್ಸಾಹ ಅಲ್ಲಿಗೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಎರಡನೇ ಭಾಗದ ಕೆಲಸ ಮುಗಿಯುವ ಮೊದಲೇ ಅವನ ತಲೆಯಲ್ಲಿ ಮೂರನೇ ಭಾಗ ಕುಣಿಯುತ್ತಿತ್ತು. ಒಂದು ದಿನ ಮಾಸ್ಟರನ್ನೂ ಬಾವಲಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಒಂದು ದೊಡ್ಡ ಅಣೆಕಟ್ಟಿಗೆ ಕರೆದುಕೊಂಡು ಹೋದ. ಮೇಲೆ ನಿಲ್ಲಿಸಿ, ಕೆಳಗಿನ ಬಂಡೆಗಳನ್ನು ತೋರಿಸಿ, "ಮೂರನೇ ಭಾಗ, ಇಲ್ಲಿಂದ," ಎಂದ. ಹಾಸಿಗೆ ಹಾಸಲು ಜಾಗವಿಲ್ಲದ ಕಡೆ ಅದು. ಬರೀ ಹಗ್ಗವನ್ನೇ ನಂಬಬೇಕು. ಎರಡನೇ ಭಾಗ ಚೆನ್ನಾಗಿ ಓಡಿತೆಂದರೆ ನಿರ್ಮಾಪಕರು ಮೂರನೆಯದಕ್ಕೆ ಒಪ್ಪಿದ್ದಾರೆ, ಅದು ಓಡದೆ ಇರುವ ಪ್ರಶ್ನೆಯೇ ಇಲ್ಲ ಎಂದೂ ಹೇಳಿದ. ಬಾವಲಿ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಚೆನ್ನಾಗಿದೆ ಸಾರ್," ಎಂದ. ವಾಪಸು ಬರುವಾಗ ದಾರಿಯುದ್ದಕ್ಕೂ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದ. ಅಣೆಕಟ್ಟಿನ ಸುದ್ದಿ ಮಾಸ್ಟರ ಬಾಯಿಂದ ಎಲ್ಲ ಫೈಟರ್‌ಗಳ ಮನೆಗಳಿಗೂ ತಲುಪಿತು.

ಆಮೇಲಿನ ದಿನಗಳಲ್ಲಿ ಅವನು ಮನೆಯಲ್ಲಿ ಸ್ಟೂಲ್ ಕೂಡ ಹತ್ತಲಿಲ್ಲ. ನಡುಮನೆಯ ಬಲ್ಬು ಹೋದಾಗ, "ಕತ್ತಲೆ ಕಣ್ಣಿಗೆ ತಂಪು," ಎಂದು ಉಪನ್ಯಾಸ ಕೊಟ್ಟ. ಹೆಂಡತಿ ಅವನ ಮುಖವನ್ನೊಮ್ಮೆ ನೋಡಿ, ತಾನೇ ಸ್ಟೂಲ್ ಹತ್ತಿ ಬಲ್ಬು ಹಾಕಿದಳು. ಕೆಳಗೆ ನಿಂತ ಬಾವಲಿ, ಅವಳು ಇಳಿಯುವ ತನಕ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಹಾರಲು ಆಗದಿದ್ದರೆ ಆಗುವುದಿಲ್ಲ ಎಂದು ಹೇಳಿಬಿಡಬಹುದಿತ್ತಲ್ಲ ಎಂದು ನಮಗೆ ನಿಮಗೆ ಅನ್ನಿಸಬಹುದು. ಮಾನ ಹೋಗುತ್ತದೆಂಬ ಅಂಜಿಕೆ ಅವನಿಗೆ ಅಷ್ಟೇನೂ ಇರಲಿಲ್ಲ. ಅವನ ಎದೆಯ ಮೇಲೆ ಕೂತಿದ್ದ ಭೂತವೇ ಬೇರೆ. ಆಗುವುದಿಲ್ಲ ಎಂದು ಅವನು ಬಾಯಿ ಬಿಟ್ಟ ಮರುಕ್ಷಣ, ಕಟ್ಟುಪಾಡಿನ ಪ್ರಕಾರ ಆ ಅಣೆಕಟ್ಟಿನ ಹಾರಾಟ ಬಾಮೈದನದಾಗುತ್ತಿತ್ತು. ಗಂಟು ಎಳೆದು ನೋಡದ ಆ ಹುಡುಗ ಕುಣಿಯುತ್ತಾ ಹೋಗಿ ಮೇಲೆ ನಿಲ್ಲುತ್ತಿದ್ದ. ತಾನು ಹಾರಿದರೆ ತನ್ನ ಹೆಂಡತಿ ಗಂಡನನ್ನು ಕಳೆದುಕೊಳ್ಳಬಹುದು, ಹಾರದಿದ್ದರೆ ತಮ್ಮನನ್ನು. ಬಾವಲಿ ಅಡಕತ್ತರಿಯಲ್ಲಿ ಸಿಕ್ಕಿಬಿದ್ದಿದ್ದ. ಹೆಂಡತಿಗೆ ಹೇಳೋಣವೆಂದರೆ ಅವಳ ಮುಂದೆ ಯಾವ ಬಾಯಿಂದ ಹೇಳುವುದು? ಅದಕ್ಕೇ ಯಾರಿಗೂ ಹೇಳದೆ ಒಂದೇ ಒಂದು ಹಾರೈಕೆಯನ್ನು ಹಿಡಿದುಕೊಂಡು ಕೂತ: ಎರಡನೇ ಭಾಗ ತೋಪಾಗಲಿ. ತಾನು ಬೆವರು ಸುರಿಸಿದ, ತನ್ನ ಹೆಂಡತಿ ಕೂತು ನಿಲುವಂಗಿ ಹೊಲಿದುಕೊಟ್ಟ ಸಿನಿಮಾ ಮಣ್ಣು ಮುಕ್ಕಲಿ.

ಬಿಡುಗಡೆಯ ದಿನ ಮಧ್ಯಾಹ್ನದ ಆಟಕ್ಕೆ ಸ್ಪ್ರಿಂಗು ಭಾವನನ್ನು ಬಲವಂತವಾಗಿ ಎಳೆದುಕೊಂಡು ಹೋದ. ಥಿಯೇಟರು ಭರ್ತಿ. ಬಾಗಿಲಲ್ಲಿ ತಲೆ ಮೇಲೆ ತಲೆ. ಅದನ್ನು ನೋಡಿಯೇ ಬಾವಲಿಯ ಎದೆ ಧಸಕ್ಕೆಂದಿತು. ಸ್ಪ್ರಿಂಗು ಮಾತ್ರ ಸೀಟಿನ ಅಂಚಿನಲ್ಲಿ ಕೂತು ಪರದೆ ಬೆಳಗುವ ಮುಂಚೆಯೇ ಸಿಳ್ಳೆ ಹೊಡೆಯುತ್ತಿದ್ದ.

ಸಿನಿಮಾ ಶುರುವಾಯಿತು. ಈ ಸಲ ಪಿಶಾಚಿಗಳು ಕದಿಯಬೇಕಾದದ್ದು ರಕ್ತವನ್ನಲ್ಲ, ಒಂದು ಕಲ್ಲನ್ನು. ಅದು ಕೈಯಲ್ಲಿದ್ದರೆ ಪಿಶಾಚಿಗಳಿಗೆ ಬಿಸಿಲು ಸುಡುವುದಿಲ್ಲವಂತೆ. ಸರಿ, ಕದಿಯಲಿ. ಆದರೆ ಕದಿಯುವ ಬದಲು ಅವು ಒಂದು ಮೇಜಿನ ಸುತ್ತ ಕೂತು ನಕ್ಷೆ ಬಿಚ್ಚಿದವು. ನಾಯಕ ವಿವರಿಸಿದ. ಒಬ್ಬ ಅನುಮಾನ ಕೇಳಿದ. ನಾಯಕ ಮತ್ತೆ ವಿವರಿಸಿದ. ಇನ್ನೊಬ್ಬಳು ಎದ್ದು ಕಿಟಕಿಯಾಚೆ ನೋಡಿ ತನ್ನ ಬಾಲ್ಯವನ್ನು ನೆನೆದಳು. ಮತ್ತೆ ನಕ್ಷೆ.

ಹಿಂದಿನ ಸಾಲಿನವನೊಬ್ಬ ಗಟ್ಟಿಯಾಗಿ, "ಇವರು ಕದಿಯೋದು ಯಾವಾಗಪ್ಪಾ? ನಾನು ಮನೆಗೆ ಹೋಗಿ ಬಟ್ಟೆ ಒಗೆದು ಬರ್ತೀನಿ, ಆಗ ಕರೀರಿ," ಎಂದ. ನಾಲ್ಕಾರು ಜನ ನಕ್ಕರು.

ಬಾವಲಿಗೆ ತಿರುಗಿ ಅವನ ಕೈ ಕುಲುಕಬೇಕೆನ್ನಿಸಿತು. ಎಡಗಡೆ ಕೂತ ಹೆಂಗಸು ಆಕಳಿಸಿದಳು. ಆ ಆಕಳಿಕೆ ನೋಡಿ ಅವನಿಗೆ ಹೊಟ್ಟೆಗೆ ಹಾಲೆರೆದಂತಾಯಿತು. ಮುಂದೆ ಒಬ್ಬ ಮೊಬೈಲು ತೆಗೆದು ಕ್ರಿಕೆಟ್ ಸ್ಕೋರು ನೋಡತೊಡಗಿದ. ನೋಡಪ್ಪಾ, ನೋಡು, ಚೆನ್ನಾಗಿ ನೋಡು, ಎಂದುಕೊಂಡ ಬಾವಲಿ.

ಕೊನೆಗೂ ಪಿಶಾಚಿಗಳು ಕದಿಯಲು ಹೊರಟವು. ಯಾವಾಗ? ನಟ್ಟ ನಡು ಮಧ್ಯಾಹ್ನ. ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಛತ್ರಿ. ಆಮೇಲೆ ಬಾಲ್ಕನಿಯಿಂದ ಯಾರೋ ಕೂಗಿದರು: "ಲೋ, ಬಿಸಿಲಲ್ಲೇ ಬಂದ್ಮೇಲೆ ಬಿಸಿಲಿನ ಕಲ್ಲು ಯಾಕ್ರೋ ನಿಮಗೆ?"

ನಗು ಎದ್ದಿತು ನೋಡಿ, ಕೆಳಗಿನಿಂದ ಮೇಲಿನ ತನಕ. ಆ ಕ್ಷಣದಿಂದ ಅದು ಹೆದರಿಸುವ ಸಿನಿಮಾ ಆಗಿ ಉಳಿಯಲಿಲ್ಲ. ಪಿಶಾಚಿ ಕೋರೆಹಲ್ಲು ತೋರಿಸಿದರೆ ನಗು, ಕುತ್ತಿಗೆಗೆ ಬಾಯಿ ಹಾಕಿದರೆ ನಗು. ಸ್ಪ್ರಿಂಗು ಮುಖ ಸಿಂಡರಿಸಿಕೊಂಡು, "ಜನಕ್ಕೆ ಬುದ್ಧಿ ಇಲ್ಲ ಭಾವ," ಎಂದು ಗೊಣಗಿದ. ಬಾವಲಿ, "ಹೌದು, ಪಾಪ," ಎಂದು ತುಟಿ ಕಚ್ಚಿಕೊಂಡ.

ಇಂಟರ್ವಲ್ ಆದ ಮೇಲೆ ಚಿಮಣಿ ಬಂತು. ಬಾವಲಿ ಕುರ್ಚಿಯ ಕೈ ಹಿಡಿದುಕೊಂಡ. ಪರದೆಯ ಮೇಲೆ ಕರಿಯ ಆಕಾರವೊಂದು ಆಕಾಶಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಮಂಡಿ ಮಡಚಿತು, ಬಿತ್ತು. ಸಂಗೀತ ಪೂರ್ತಿ ನಿಂತು ಬರೀ ಗಾಳಿಯ ಸದ್ದು. ಅಷ್ಟು ಹೊತ್ತು ಗೇಲಿ ಮಾಡುತ್ತಿದ್ದ ಥಿಯೇಟರು ಉಸಿರು ಬಿಗಿಹಿಡಿಯಿತು. ಒಬ್ಬ ಸಿಳ್ಳೆ ಹೊಡೆದ, ಹತ್ತಾರು ಜನ ಹೊಡೆದರು. ಬಾವಲಿ ಸುತ್ತಲೂ ನೋಡಿದ. ಇದೊಂದು ಹಾರಾಟದಿಂದಲೇ ಸಿನಿಮಾ ಎದ್ದು ನಿಂತುಬಿಟ್ಟರೆ? ತನ್ನ ಹೆದರಿಕೆಯೇ ತನ್ನನ್ನು ಅಣೆಕಟ್ಟಿನ ಮೇಲೆ ಹತ್ತಿಸಿಬಿಟ್ಟರೆ?

ಪಿಶಾಚಿಗಳ ನಾಯಕನ ವೇಷ ಹಾಕಿದ್ದ ಹೀರೋನೇ ಅವನನ್ನು ಕಾಪಾಡಿದ. ಬಿದ್ದ ಪಿಶಾಚಿ ಮೇಲೇಳುವಾಗ ಹೀರೋನ ಮುಖವನ್ನು ಹತ್ತಿರದಿಂದ ತೋರಿಸಿದರು. ಅವನು ಘರ್ಜಿಸಿ ಒಂದು ಉದ್ದ ಮಾತು ಹೇಳಬೇಕಿತ್ತು. ನಡುವೆ ಅವನ ಬಲಗಡೆಯ ಕೋರೆಹಲ್ಲು ಸಡಿಲವಾಗಿ, ಅವನು ನಾಲಿಗೆಯಿಂದ ಅದನ್ನು ಒಳಗೆ ತಳ್ಳಿಕೊಂಡದ್ದು ಪರದೆಯಗಲ ಕಂಡಿತು. ಅದನ್ನು ಕತ್ತರಿಸಿ ತೆಗೆಯಲು ಯಾರಿಗೂ ತೋಚಿರಲಿಲ್ಲ. ಥಿಯೇಟರು ಬಿದ್ದು ಬಿದ್ದು ನಕ್ಕಿತು. "ದಂತವೈದ್ಯರನ್ನ ಕರೀರೋ!" ಎಂದು ಹಿಂದಿನವನು ಕೂಗಿದ. ಕೊನೆಯಲ್ಲಿ ಅಣೆಕಟ್ಟು ತೋರಿಸಿ, ಮೂರನೇ ಭಾಗ ಬರಲಿದೆ ಎಂದು ಗುಡುಗಿನ ಸದ್ದಿನೊಂದಿಗೆ ಹೇಳುವ ಹೊತ್ತಿಗೆ ಅರ್ಧ ಥಿಯೇಟರು ಖಾಲಿಯಾಗಿತ್ತು. ಉಳಿದವರು ಚಪ್ಪಲಿ ಹುಡುಕುತ್ತಿದ್ದರು.

ಬಾವಲಿಗೆ ಹೋದ ಜೀವ ಬಂದಂತಾಯಿತು. ಹೊರಗಿನ ಬಿಸಿಲು ಎಷ್ಟು ಚೆನ್ನಾಗಿದೆ ಅನ್ನಿಸಿತು. ಬೀದಿಯಲ್ಲಿ ಸ್ವಲ್ಪ ದೂರ ನಡೆದ ಮೇಲೆ ಗಮನಿಸಿದ, ಸ್ಪ್ರಿಂಗು ಮಾತಾಡುತ್ತಿಲ್ಲ. ಹುಟ್ಟಿದಾಗಿನಿಂದ ಸುಮ್ಮನಿದ್ದು ಗೊತ್ತಿಲ್ಲದ ಹುಡುಗ.

"ಏನೋ, ಬೇಜಾರಾ?"

ಸ್ಪ್ರಿಂಗು ನಿಂತ. "ಭಾವ, ಚಿಮಣಿ ಮೇಲಿಂದ ನೀವು ಹಾರ್ಲಿಲ್ಲ."

ಬಾವಲಿ ಎದುರಿನ ಗೋಡೆಯ ಮೇಲಿನ ಪೋಸ್ಟರನ್ನು ನೋಡತೊಡಗಿದ.

"ನಿಮ್ಮ ಬಲಗೈ ಹಗ್ಗ ಹುಡುಕ್ತಿತ್ತು. ಜನಕ್ಕೆ ಗೊತ್ತಾಗಲ್ಲ. ನಂಗೆ ಗೊತ್ತಾಗಲ್ವಾ? ನಂಗೆ ಕಲಿಸ್ದೋರೇ ನೀವು. ನೀವು ಬಿದ್ರಿ."

"ಹೌದು. ಬಿದ್ದೆ."

"ಮತ್ತೆ ಅಣೆಕಟ್ಟು ಯಾಕೆ ಒಪ್ಕೊಂಡ್ರಿ? ಆಗಲ್ಲ ಅಂದಿದ್ರೆ ನಂಗೆ ಬರ್ತಿತ್ತಲ್ಲ!" ಹುಡುಗನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಎಷ್ಟು ವರ್ಷದಿಂದ ಕೇಳ್ತಿದೀನಿ!"

"ಅದಕ್ಕೇ ಹೇಳ್ಲಿಲ್ಲ. ನಿಂಗೆ ಬರ್ತಿತ್ತು ಅಂತಾನೇ ಹೇಳ್ಲಿಲ್ಲ. ನೀನೇನಾದ್ರೂ ಬಿದ್ದಿದ್ರೆ, ಮನೆಗೆ ಹೋಗಿ ನಿಮ್ಮಕ್ಕನಿಗೆ ನಾನು ಏನಂತ ಹೇಳ್ಬೇಕಿತ್ತು? ನೀನೇ ಹೇಳು."

ಸ್ಪ್ರಿಂಗು ಮುಖ ಊದಿಸಿಕೊಂಡೇ ನಡೆದ. ಆದರೆ ದೊಡ್ಡ ರಸ್ತೆ ದಾಟುವಾಗ, ಬಸ್ಸೊಂದು ಜೋರಾಗಿ ಬಂದಾಗ, ಭಾವನ ಮೊಣಕೈಯನ್ನು ಹಿಡಿದುಕೊಂಡ. ಆಚೆ ಬದಿ ಸೇರಿದ ಮೇಲೂ ಸ್ವಲ್ಪ ದೂರ ಬಿಡಲಿಲ್ಲ.

ಮುಂದಿನ ವಾರದ ಹೊತ್ತಿಗೆ ಸಿನಿಮಾ ನೆಲ ಕಚ್ಚಿತ್ತು. ಪೋಸ್ಟರುಗಳ ಮೇಲೆ ಬೇರೆ ಪೋಸ್ಟರು ಬಿದ್ದವು. ಮಾಸ್ಟರ್ ಎಲ್ಲ ಫೈಟರ್‌ಗಳನ್ನೂ ಅಭ್ಯಾಸದ ಶೆಡ್ಡಿಗೆ ಕರೆಸಿದರು. ಧೂಳು, ಬೆವರು, ಹಳೆಯ ಹಾಸಿಗೆಯ ವಾಸನೆ ತುಂಬಿದ ಶೆಡ್ಡು. ಎಲ್ಲರ ಮುಖವೂ ಜೋತುಬಿದ್ದಿತ್ತು. ಮೂರನೇ ಭಾಗ ಎಂದರೆ ಎಲ್ಲರಿಗೂ ಕೆಲಸವಾಗಿತ್ತು. ಅವರ ಮುಖ ನೋಡಿ ಬಾವಲಿಗೆ ಒಂದಿಷ್ಟು ನಾಚಿಕೆಯೂ ಆಯಿತು.

"ಮೂರನೇದು ಇಲ್ಲ," ಎಂದರು ಮಾಸ್ಟರ್. "ನಿರ್ಮಾಪಕರು ಕಡ್ಡಿ ಮುರಿದಂಗೆ ಹೇಳಿಬಿಟ್ರು. ಕಟ್ಟುಪಾಡು ನಿಮಗೆಲ್ಲ ಗೊತ್ತಲ್ಲ. ಸಿನಿಮಾನೇ ಇಲ್ಲ ಅಂದ್ಮೇಲೆ ಹಾರಾಟವೂ ಇಲ್ಲ. ಇದು ಇನ್ನು ಬಾವಲಿದೂ ಅಲ್ಲ, ಅವನ ಮನೆಯವರದೂ ಅಲ್ಲ. ಮುಗೀತು."

ಹಾರಾಟವೊಂದು ಮುಗಿದಾಗ ಫೈಟರ್‌ಗಳೆಲ್ಲ ಸಾಲಾಗಿ ಬಂದು ಅದರ ಒಡೆಯನ ಕೈ ಹಿಡಿದು ಸಮಾಧಾನ ಹೇಳಿ ಹೋಗುವುದು ರೂಢಿ. ಒಬ್ಬೊಬ್ಬರಾಗಿ ಬಂದರು. ಬಾವಲಿ ಮುಖ ಸಪ್ಪೆ ಮಾಡಿಕೊಳ್ಳಲು ಬಹಳ ಕಷ್ಟಪಟ್ಟ. ನಗು ಬಂದುಬಿಟ್ಟರೆ ಏನು ಗತಿ ಎಂದು ಹಲ್ಲು ಕಚ್ಚಿ ಹಿಡಿದ. ಹಾಗೆ ಹಿಡಿಯುವಾಗ ನಗುವಿನ ಬದಲು ಅಳು ಬಂತು. ಎದೆಯ ಮೇಲಿಂದ ಬೆಟ್ಟದಂಥ ಭಾರ ಇಳಿದವನ ಅಳು, ತಡೆದರೂ ನಿಲ್ಲದ್ದು. ಫೈಟರ್‌ಗಳಲ್ಲೇ ಹಿರಿಯನಾದ ಗಡ್ಡದಜ್ಜ ಅವನ ಬೆನ್ನು ತಟ್ಟಿ, "ಅಳಬೇಡ ಕಣೋ ಮಗಾ, ಎಂಥ ಹಾರಾಟ ಅದು, ಹೊಟ್ಟೆ ಉರಿಯತ್ತೆ, ಗೊತ್ತು," ಎಂದು ತಾನೂ ಕಣ್ಣೊರೆಸಿಕೊಂಡ. ಸಾಲಿನ ಕೊನೆಯಲ್ಲಿ ಬಂದ ಸ್ಪ್ರಿಂಗು ಅವನ ಕೈಯನ್ನು ಗಟ್ಟಿಯಾಗಿ ಒತ್ತಿದ.

ಜನ ಚದುರಿದ ಮೇಲೆ ಬಾವಲಿ ಮಾಸ್ಟರ ಹತ್ತಿರ ಹೋಗಿ, ತಾನಿನ್ನು ಎತ್ತರದ ಕೆಲಸ ಮಾಡುವುದಿಲ್ಲ, ಕೆಳಗೆ ನಿಂತು ಹಗ್ಗ ನೋಡಿಕೊಳ್ಳುತ್ತೇನೆ ಎಂದ. ಮಾಸ್ಟರ್ ಅವನನ್ನು ದುಃಖದಲ್ಲಿರುವವನ ಹಾಗೆ ನೋಡಿ, ಸರಿ ಎಂದರು. ಮಾತು ಅಷ್ಟಕ್ಕೇ ಮುಗಿಯಿತು. ಇಷ್ಟು ತಿಂಗಳು ಗಂಟಲಲ್ಲಿ ಕೂತಿದ್ದ ಮಾತು ಇಷ್ಟು ಬೇಗ ಹೊರಗೆ ಬಂದದ್ದು ಬಾವಲಿಗೇ ಆಶ್ಚರ್ಯ.

ಭಾವ ಬಾಮೈದ ಇಬ್ಬರೂ ಸಂಜೆಗೆ ಮುಂಚೆಯೇ ಮನೆ ಕಡೆ ಬಂದರು. ಬೀದಿಗೆ ತೆರೆದ ಮುಂದಿನ ಕೋಣೆಯೇ ಹೆಂಡತಿಯ ಟೈಲರ್ ಅಂಗಡಿ. ಆ ಭಾಗದವರಿಗೆಲ್ಲ ಅವಳು ಟೈಲರಮ್ಮ. ಬಾಗಿಲ ಹತ್ತಿರ ಬರುವಾಗಲೇ ಒಳಗಿನಿಂದ ಅವಳ ದನಿ ಕೇಳಿತು. ಹೊಲಿಗೆ ಯಂತ್ರದ ಸದ್ದಿಗಿಂತ ಜೋರಾಗಿತ್ತು.

"ಸುಮ್ನೆ ದಂಡ ಕಣ್ರೀ. ತಲೆ ಬುಡ ಒಂದೂ ಇಲ್ಲ. ಆ ಪಿಶಾಚಿಗಳನ್ನ ನೋಡಿದ್ರೆ ಹೆದರಿಕೆ ಇರ್ಲಿ, ಕೂರಿಸಿ ಊಟ ಹಾಕೋಣ ಅನ್ಸತ್ತೆ. ಹಾರಾಟ ಅಂತೂ ಬಿಡಿ, ತೀರಾ ಸಪ್ಪೆ. ನನ್ನ ಗಂಡನೇ ಹಾರಿರೋದು, ನಾನ್ಯಾಕೆ ಸುಳ್ಳು ಹೇಳ್ಲಿ?"

"ಅಯ್ಯೋ, ಹೌದಾ? ಇನ್ನೊಂದು ಥಿಯೇಟರಲ್ಲಿ ಇದೆಯಂತೆ, ಮಕ್ಕಳನ್ನ ಕರ್ಕೊಂಡು ಹೋಗೋಣ ಅಂತಿದ್ದೆ."

"ಬೇಡಿ. ಮಕ್ಕಳು ನಿಮ್ಮನ್ನ ಬೈಯ್ಕೋತಾವೆ. ಈ ಲಂಗ ಬುಧವಾರ ತಗೊಂಡು ಹೋಗಿ."

ಗಿರಾಕಿ ಹೊರಗೆ ಬಂದಳು. ಬಾಗಿಲಲ್ಲಿ ನಿಂತ ಬಾವಲಿಯನ್ನು ಕಂಡು ನಾಲಿಗೆ ಕಚ್ಚಿಕೊಂಡು, ಮುಖ ತಗ್ಗಿಸಿ ಸರಸರನೆ ಹೋದಳು.

ಬಾವಲಿ ಒಳಗೆ ಬಂದ. "ನೀನು ಸಿನಿಮಾ ಯಾವಾಗ ನೋಡಿದ್ಯೇ?"

ಹೆಂಡತಿ ಯಂತ್ರದಿಂದ ತಲೆ ಎತ್ತಲಿಲ್ಲ. "ನೋಡಿಲ್ಲ."

"ಮತ್ತೆ?"

"ಬಿಡುಗಡೆಗೆ ಮುಂಚಿನಿಂದ್ಲೂ ಹೇಳ್ತಾ ಇದೀನಿ. ಹೊಲಿಸೋಕೆ ಬಂದೋರಿಗೆ, ಗುಂಡಿ ಹಾಕಿಸೋಕೆ ಬಂದೋರಿಗೆ, ದಾರಿ ಕೇಳೋಕೆ ಬಂದೋರಿಗೂ."

ಸ್ಪ್ರಿಂಗು ಬಾಯಿ ಬಿಟ್ಟುಕೊಂಡು ನಿಂತ. "ಅಕ್ಕಾ! ಭಾವನ ಸಿನಿಮಾ ಕಣೇ ಅದು!"

"ನೀನು ಸುಮ್ನಿರೋ." ಯಂತ್ರ ನಿಂತಿತು. "ಸಿನಿಮಾ ಇದಲ್ದಿದ್ರೆ ಇನ್ನೊಂದು ಬರತ್ತೆ. ನಿಮ್ಮಿಬ್ಬರಲ್ಲಿ ಒಬ್ಬರು ಆ ಅಣೆಕಟ್ಟಿನ ಮೇಲೆ ನಿಲ್ಲಬೇಕಾಗಿತ್ತು. ಯಾರು ಅಂತ ನಾನು ಆರಿಸ್ಬೇಕಿತ್ತಾ? ಗಂಡನ್ನೋ ತಮ್ಮನ್ನೋ ಅಂತ? ಕೈಯಲ್ಲಿ ಬೇರೆ ಏನೂ ಇರ್ಲಿಲ್ಲ, ಬಾಯಿ ಇತ್ತು, ಗಿರಾಕಿಗಳಿದ್ರು. ಹೇಳ್ದೆ."

ಸಿನಿಮಾ ಮುಳುಗಲು ಅವಳ ಮಾತು ಬೇಕಾಗಿರಲಿಲ್ಲ, ಅದು ತಾನಾಗಿಯೇ ಮುಳುಗುವಷ್ಟು ಕೆಟ್ಟದಾಗಿತ್ತು. ಹಾಗೆಂದು ಹೇಳಲು ಬಾವಲಿಗೆ ಮನಸ್ಸಾಗಲಿಲ್ಲ. ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತ.

"ಮೂರನೇದು ಇಲ್ಲ ಕಣೇ. ಮಾಸ್ಟರ್ ಇವತ್ತು ಹೇಳಿದ್ರು. ಹಾರಾಟ ಮುಗೀತು. ನಂಗೂ ಇಲ್ಲ, ಇವನಿಗೂ ಇಲ್ಲ. ನಾನಿನ್ನು ಮೇಲೆ ಹತ್ತಲ್ಲ."

ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು. ಭುಜ ಅಲುಗಿದವು. ಸ್ಪ್ರಿಂಗು, "ಅಕ್ಕ, ಅದು ಗಿರಾಕಿ ಬಟ್ಟೆ," ಎಂದ. ಅವಳು ಅಳುತ್ತಲೇ ನಕ್ಕಳು, ನಗುತ್ತಲೇ ಅವನ ತೋಳಿಗೆ ಒಂದು ಬಿಟ್ಟಳು. ಮೂವರಿಗೂ ಹಗುರಾಯಿತು. ಇಷ್ಟು ಹಗುರಾಗಿ ಆ ಮನೆಯವರು ಉಸಿರಾಡಿ ಬಹಳ ದಿನವಾಗಿತ್ತು.

ಆಮೇಲೆ ಬಾವಲಿ ಮೆಲ್ಲಗೆ ಕೇಳಿದ, "ನಂಗೆ ಹೆದರಿಕೆ ಅಂತ ನಿಂಗೆ ಹೇಗೆ ಗೊತ್ತಾಯ್ತು? ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

"ಎಚ್ಚರಿದ್ದಾಗ ಬಿಟ್ಟಿಲ್ಲ," ಎಂದಳು ಹೆಂಡತಿ. "ನಿದ್ದೇಲಿ ನನ್ನ ಕೈ ಹಿಡ್ಕೊಂಡು, ಬಿಡಬೇಡ, ಬಿಡಬೇಡ ಅಂತೀರಿ."

"ನೀನೇನು ಮಾಡ್ತಿದ್ದೆ?"

"ಇನ್ನೇನು ಮಾಡ್ಲಿ? ಹಿಡ್ಕೊಂಡೇ ಇರ್ತಿದ್ದೆ. ಬೆಳಿಗ್ಗೆ ಎದ್ದರೆ ಕತ್ತರಿ ಹಿಡಿಯೋಕೆ ಬರ್ತಿರಲಿಲ್ಲ, ಕೈ ಅಷ್ಟು ಜೋಮು ಹಿಡಿದಿರೋದು."